ಕಿವಿ ಕಳೆದುಕೊಂಡವರ ತಕರಾರು

ಟಿಬಿ ಎಂಬುದು ನಮ್ಮ ಮನೆಗಳಲ್ಲಿ ಇಂದಿಗೂ ದನಿ ತಗ್ಗಿಸಿ ಹೇಳುವ ಕಾಯಿಲೆ. ಹೆಣ್ಣುಮಗಳಿಗೆ ಬಂದರಂತೂ ಎಲ್ಲಿ ಸಂಬಂಧ ತಪ್ಪಿಹೋಗುವುದೋ ಎಂದು ಮದ್ದಿನ ಚೀಟಿಯನ್ನೂ ಅಡಗಿಸಿಡುತ್ತಾರೆ. ಹಾಗೆ ಅಡಗಿಸದ ಇಬ್ಬರು ಯುವತಿಯರ ವಿಷಯ ಈ ಸಲ ಹೇಳಬೇಕೆನಿಸಿದೆ. ಒಬ್ಬಾಕೆ ಮುಂಬೈಯ ನಂದಿತಾ ವೆಂಕಟೇಶನ್. ಇನ್ನೊಬ್ಬಾಕೆ ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನ ಖಯಲಿತ್ಶಾ ಬಡಾವಣೆಯ ಫುಮೆಜಾ ತಿಸಿಲೆ.

ಇಬ್ಬರಿಗೂ ಬಂದದ್ದು ಸಾಮಾನ್ಯ ಮಾತ್ರೆಗೆ ಬಗ್ಗದ ಟಿಬಿ. ಅದಕ್ಕೆ ಆಗ ಇದ್ದ ಚಿಕಿತ್ಸೆಯೆಂದರೆ ತಿಂಗಳುಗಟ್ಟಲೆ ಕಾನಮೈಸಿನ್ ಇಂಜೆಕ್ಷನ್. ಅದು ರೋಗಾಣುವನ್ನು ಕೊಲ್ಲುವುದರ ಜೊತೆಗೆ ಒಳಕಿವಿಯ ಸೂಕ್ಷ್ಮ ಕೋಶಗಳನ್ನೂ ಕೊಲ್ಲಬಲ್ಲದು. ಒಮ್ಮೆ ಸತ್ತ ಆ ಕೋಶಗಳು ಮತ್ತೆ ಹುಟ್ಟುವುದಿಲ್ಲ. ಇಬ್ಬರೂ ಬದುಕಿ ಉಳಿದರು, ಆದರೆ ಕಿವಿ ಹೋಯಿತು. ನಂದಿತಾ ಚಿಕ್ಕಂದಿನಿಂದ ಭರತನಾಟ್ಯ ಕಲಿತಿದ್ದವರು. ತಾಳವೇ ಕೇಳಿಸದಾದಾಗ ಆಕೆಗೆ ಏನಾಗಿರಬೇಕು, ಊಹಿಸಿ.

ಸಂಕಟದ ಸಂಗತಿಯೆಂದರೆ, ಇಂಜೆಕ್ಷನ್ ಬದಲಿಗೆ ನುಂಗಬಹುದಾದ ಬೆಡಾಕ್ವಿಲಿನ್ ಎಂಬ ಮಾತ್ರೆಗೆ ಅಮೆರಿಕದಲ್ಲಿ 2012ರ ಡಿಸೆಂಬರ್‌ನಲ್ಲೇ ಒಪ್ಪಿಗೆ ಸಿಕ್ಕಿತ್ತು. ವಿಶ್ವ ಆರೋಗ್ಯ ಸಂಸ್ಥೆ 1977ರಿಂದ ಅತ್ಯಗತ್ಯ ಔಷಧಗಳ ಪಟ್ಟಿಯೊಂದನ್ನು ಇಟ್ಟುಕೊಂಡು ಬಂದಿದೆ. 2015ರಲ್ಲಿ ಈ ಮಾತ್ರೆಯೂ ಅದಕ್ಕೆ ಸೇರಿತು. ಆದರೆ ಪಟ್ಟಿಗೆ ಸೇರುವುದೇ ಬೇರೆ, ರೋಗಿಯ ಕೈಗೆ ಸೇರುವುದೇ ಬೇರೆ. ಪಟ್ನಾದ 18 ವರ್ಷದ ಹುಡುಗಿಯೊಬ್ಬಳಿಗೆ ಇದು ಸಿಗಬೇಕಾದರೆ ಅವಳ ತಂದೆ ದೆಹಲಿ ಹೈಕೋರ್ಟಿನ ಮೆಟ್ಟಿಲೇರಬೇಕಾಯಿತು. ಅವಳು ಉಳಿಯಲಿಲ್ಲ.

ಈ ಮಾತ್ರೆಯ ಪೇಟೆಂಟ್ ಇದ್ದದ್ದು ಜಾನ್ಸನ್ ಅಂಡ್ ಜಾನ್ಸನ್ ಕಂಪೆನಿಯ ಬಳಿ. ಪೇಟೆಂಟ್ ಎಂದರೆ 20 ವರ್ಷ ಇನ್ನಾರೂ ಆ ಮದ್ದನ್ನು ತಯಾರಿಸುವಂತಿಲ್ಲ. ಹೊಸ ಮದ್ದು ಕಂಡುಹಿಡಿಯಲು ಖರ್ಚಿದೆ, ಶ್ರಮವಿದೆ. ಅದಕ್ಕೊಂದು ಪ್ರತಿಫಲ ಬೇಡವೆಂದು ನಾನು ಹೇಳಲಾರೆ. ಆದರೆ ಅವಧಿ 2023ರ ಜುಲೈಯಲ್ಲಿ ಮುಗಿಯುವುದಿದ್ದಾಗ ಕಂಪೆನಿ ಅದೇ ಮದ್ದಿನ ಲವಣ ರೂಪಕ್ಕೆ ಇನ್ನೊಂದು ಪೇಟೆಂಟ್ ಕೇಳಿತ್ತು. ಅದು ಸಿಕ್ಕಿದ್ದರೆ 2027ರ ತನಕ ಹಿಡಿತ ಅವರದ್ದೇ. ಬೆಲ್ಲದಚ್ಚನ್ನು ಪುಡಿ ಮಾಡಿ ಇದು ಹೊಸ ಪದಾರ್ಥ ಎಂದರೆ ನಮ್ಮ ಅಡುಗೆಮನೆಯಲ್ಲಿ ಯಾರಾದರೂ ಒಪ್ಪುತ್ತಾರೆಯೇ?

ನಮ್ಮ ದೇಶದ ಕಾನೂನೂ ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ. 2005ರಲ್ಲಿ ತಿದ್ದುಪಡಿಯಾದ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಡಿ) ಪ್ರಕಾರ, ಹಳೆಯ ಮದ್ದಿನ ಹೊಸ ರೂಪ ಮೊದಲಿನದಕ್ಕಿಂತ ಹೆಚ್ಚು ಪರಿಣಾಮಕಾರಿ ಎಂದು ತೋರಿಸದಿದ್ದರೆ ಪೇಟೆಂಟ್ ಇಲ್ಲ. ಅಷ್ಟೇ ಅಲ್ಲ, ಪೇಟೆಂಟ್ ಕೊಡುವ ಮುಂಚೆ ಯಾರು ಬೇಕಾದರೂ ತಕರಾರು ಸಲ್ಲಿಸಬಹುದು. ಕಂಪೆನಿಯೇ ಆಗಬೇಕೆಂದಿಲ್ಲ, ವಿಜ್ಞಾನಿಯೇ ಆಗಬೇಕೆಂದಿಲ್ಲ.

ಈ ಅವಕಾಶವನ್ನು ಹಿಡಿದುಕೊಂಡು 2019ರ ಫೆಬ್ರವರಿಯಲ್ಲಿ ನಂದಿತಾ ಮತ್ತು ಫುಮೆಜಾ ಇಬ್ಬರೂ ಭಾರತದ ಪೇಟೆಂಟ್ ಕಚೇರಿಗೆ ತಕರಾರು ಸಲ್ಲಿಸಿದರು. ಆಫ್ರಿಕಾದಾಕೆ ಇಲ್ಲಿಗೇಕೆ ಬಂದಳು ಎಂದು ಕೇಳಬಹುದು. ಬಡದೇಶಗಳು ಕೊಳ್ಳುವ ಅಗ್ಗದ ಮದ್ದಿನ ದೊಡ್ಡ ಪಾಲು ತಯಾರಾಗುವುದು ಭಾರತದ ಕಾರ್ಖಾನೆಗಳಲ್ಲಿ. ಇಲ್ಲಿ ಬಾಗಿಲು ಮುಚ್ಚಿದರೆ ಖಯಲಿತ್ಶಾದ ರೋಗಿಗೂ ಮುಚ್ಚಿದಂತೆಯೇ. ನಾಲ್ಕು ವರ್ಷ ಕಾದ ಮೇಲೆ, 2023ರ ಮಾರ್ಚ್ 23ರಂದು ಪೇಟೆಂಟ್ ಕಚೇರಿ ಕಂಪೆನಿಯ ಅರ್ಜಿಯನ್ನು ತಿರಸ್ಕರಿಸಿತು.

ಆಮೇಲೆ ಬೆಲೆ ಇಳಿಯಿತು. ಬಡದೇಶಗಳಿಗಾಗಿ ಟಿಬಿ ಮದ್ದು ಖರೀದಿಸುವ ಗ್ಲೋಬಲ್ ಡ್ರಗ್ ಫೆಸಿಲಿಟಿಗೆ ಆರು ತಿಂಗಳ ಮಾತ್ರೆಗೆ 289 ಡಾಲರ್ ಬೀಳುತ್ತಿತ್ತು. 2023ರ ಆಗಸ್ಟ್‌ನಲ್ಲಿ ಅದು 130 ಡಾಲರ್‌ಗೆ ಬಂತು. ಭಾರತದ ಲುಪಿನ್ ಕಂಪೆನಿ ಸ್ಪರ್ಧೆಗೆ ಇಳಿದದ್ದೇ ತಡ, ಮೂಲ ಕಂಪೆನಿಯೂ ಅಗ್ಗಕ್ಕೆ ಕೊಡಲು ಮುಂದೆ ಬಂತು! ಹಾಗಾದರೆ ಮೊದಲೇ ಏಕೆ ಕೊಡಲಿಲ್ಲ ಎಂಬ ಪ್ರಶ್ನೆ ನನ್ನಲ್ಲಿ ಉಳಿದೇ ಇದೆ.

ನಮ್ಮಲ್ಲಿ ಈ ಮಾತ್ರೆಯನ್ನು ಸರಕಾರಿ ಟಿಬಿ ಕಾರ್ಯಕ್ರಮದ ಮೂಲಕ ಉಚಿತವಾಗಿ ಕೊಡುತ್ತಾರೆ. ಮನೆಯಲ್ಲೋ ನೆರೆಯಲ್ಲೋ ಯಾರಿಗಾದರೂ ಸಾಮಾನ್ಯ ಮಾತ್ರೆಗೆ ಬಗ್ಗದ ಟಿಬಿ ಇದೆಯೆಂದು ತಿಳಿದರೆ, ಚಿಕಿತ್ಸೆ ಇಂಜೆಕ್ಷನ್ನೋ ಮಾತ್ರೆಯೋ ಎಂದು ವೈದ್ಯರನ್ನು ಕೇಳಿ. ಇಂಜೆಕ್ಷನ್ ಎಂದಾದರೆ ಕಿವಿಯ ಪರೀಕ್ಷೆ ಯಾವಾಗ ಎಂಬುದನ್ನೂ ಕೇಳಿ. ನಾಚಿಕೆ ಬೇಡ.