ಗೆಲುವು ಯಾರದು? ಆಟ ಯಾರದು?

ನಮ್ಮ ಜಿಲ್ಲೆ ಕುಸ್ತಿ ಕಬಡ್ಡಿಗಳ ಸೀಮೆ. ಕಾಲ್ಚೆಂಡಾಟ ಇಲ್ಲಿಗೆ ನೆಂಟನಾಗಿ ಬಂದುದು. 2013ರಲ್ಲಿ ಬೆಂಗಳೂರು ಎಫ್.ಸಿ. ತಂಡ ಹುಟ್ಟಿದ ಮೇಲೆ ಈ ನೆಂಟ ನಮ್ಮ ತರುಣರಿಗೆ ಮನೆಯವನೇ ಆಗಿಬಿಟ್ಟಿದ್ದಾನೆ. ಪಾಳಿ ಮುಗಿಸಿ ಬಸ್ಸು ರೈಲು ಹತ್ತಿ ಕಂಠೀರವ ಕ್ರೀಡಾಂಗಣಕ್ಕೆ ಹೋಗಿಬರುವವರುಂಟು. ಹೋಗಲಾರದವರು ಅಂಗಡಿಯ ಜಗಲಿಯ ಮೇಲೆ ಕುಳಿತು ಮೊಬೈಲಿನಲ್ಲಿ ನೋಡುವುದುಂಟು. ಆಟ ಮುಗಿದ ಮೇಲೆ ಮಿಲ್ಲಿನ ಗೇಟಿನ ಮುಂದೆ ನಡೆಯುವ ವಾದವೂ ಒಂದೇ: ತಂಡ ಹೇಗಾದರೂ ಆಡಲಿ, ಗೆದ್ದರೆ ಸಾಕೆ? ಇಲ್ಲವೆ, ಸೋತರೂ ಸರಿ, ಕಣ್ತುಂಬ ಆಟ ಸಿಗಬೇಕೆ?

ದುಡಿಯುವವರ ಪತ್ರಿಕೆಗೆ ಇದೆಲ್ಲ ಏಕೆ ಎಂದು ಕೆಲವರು ಕೇಳಬಹುದು. ಟಿಕೆಟ್ಟಿನ ಹಣ ದುಡಿಯುವವನದು. ವಾರಕ್ಕೊಮ್ಮೆ ಸಿಗುವ ಬಿಡುವಿನ ಹೊತ್ತೂ ಅವನದೇ. ತನ್ನ ಹಣಕ್ಕೂ ಹೊತ್ತಿಗೂ ಪ್ರತಿಯಾಗಿ ಅವನು ಏನನ್ನು ಕೇಳಬೇಕು ಎಂಬುದು ಸಣ್ಣ ಪ್ರಶ್ನೆಯೇನಲ್ಲ.

ಮೊದಲು ಗೆಲುವಿನ ಪಕ್ಷದವರ ಮಾತನ್ನು ಕೇಳೋಣ. ಅದರಲ್ಲಿ ಹುರುಳಿಲ್ಲದೆ ಇಲ್ಲ. ಆರು ದಿನ ಮೇಸ್ತ್ರಿಯ ಮುಂದೆ, ಸಾಲಗಾರನ ಮುಂದೆ, ಧಾರಣೆಯ ಏರುಪೇರಿನ ಮುಂದೆ ಸೋಲುವವನು ಏಳನೆಯ ದಿನವಾದರೂ ಗೆದ್ದವರ ಜೊತೆಯಲ್ಲಿ ನಿಲ್ಲಬೇಕೆಂದರೆ ತಪ್ಪೇನು? ಗೆಲುವೇ ದೊಡ್ಡ ಮಾತಾದ ಕಾಲಗಳೂ ಇದ್ದವು. 1911ರಲ್ಲಿ ಕಲ್ಕತ್ತೆಯ ಮೋಹನ ಬಾಗಾನ್ ತಂಡದವರು ಬಹುಪಾಲು ಬರಿಗಾಲಿನಲ್ಲೇ ಆಡಿ, ಬೂಟು ತೊಟ್ಟ ಬ್ರಿಟಿಷ್ ರೆಜಿಮೆಂಟನ್ನು 2-1ರಿಂದ ಸೋಲಿಸಿದಾಗ, ಆಟ ಅಂದವಾಗಿತ್ತೆ ಎಂದು ಯಾರೂ ವಿಚಾರಿಸಲಿಲ್ಲ. 1937ರಲ್ಲಿ ನಮ್ಮ ಬೆಂಗಳೂರು ಮುಸ್ಲಿಮ್ಸ್ ತಂಡ ಬೊಂಬಾಯಿಯ ರೋವರ್ಸ್ ಕಪ್ಪನ್ನು ಗೆದ್ದು ತಂದಿತು. 1891ರಲ್ಲಿ ಆರಂಭವಾದ ಆ ಪಂದ್ಯಾವಳಿಯಲ್ಲಿ ಭಾರತೀಯರ ತಂಡವೊಂದು ಗೆದ್ದುದು ಅದೇ ಮೊದಲು. ಮರುವರ್ಷವೂ ಕಪ್ಪು ಅವರದೇ ಆಯಿತು. ಇಂಥ ಗೆಲುವುಗಳು ಮುಚ್ಚಿದ ಬಾಗಿಲನ್ನು ತೆರೆದ ಗೆಲುವುಗಳು. ಅವಕ್ಕೆ ನಾವು ತಲೆಬಾಗುತ್ತೇವೆ.

ಆದರೆ ಇಂದಿನ ಕಪ್ಪುಗಳು ಯಾವ ಬಾಗಿಲನ್ನು ತೆರೆಯುತ್ತಿವೆ? ತಂಡವನ್ನು ಕಟ್ಟುವುದೂ ಕೊಳ್ಳುವುದೂ ಈಗ ಬಂಡವಾಳಗಾರರ ವ್ಯವಹಾರ. ಕಪ್ಪು ಬಂದರೆ ಅದು ಕಂಪನಿಯ ಕಚೇರಿಯ ಗಾಜಿನ ಬೀರುವಿಗೆ ಸೇರುತ್ತದೆ. ಜಾಹೀರಾತಿನ ದರ ಏರುತ್ತದೆ. ನೋಡಿದವನ ಪಾಲಿಗೆ ಉಳಿಯುವುದು ಆ ತೊಂಬತ್ತು ನಿಮಿಷ ಮಾತ್ರ. ವ್ಯಾಪಾರಿ ಬಂಧುಗಳಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ಆಲೆಮನೆಯವನಿಗೆ ಎಷ್ಟು ಲಾಭವಾಯಿತೆಂದು ಕೇಳಿ ಯಾರೂ ಬೆಲ್ಲ ಕೊಳ್ಳುವುದಿಲ್ಲ. ಚೂರು ಮುರಿದು ಬಾಯಿಗೆ ಹಾಕಿ ನೋಡಿ ಕೊಳ್ಳುತ್ತಾರೆ.

ನಮ್ಮ ತಂಡದ ಚರಿತ್ರೆಯನ್ನೇ ತೆಗೆದುಕೊಳ್ಳಿ. 2019ರ ಮಾರ್ಚ್ 17ರಂದು ಮುಂಬಯಿಯಲ್ಲಿ ಇಂಡಿಯನ್ ಸೂಪರ್ ಲೀಗಿನ ಕೊನೆಯ ಪಂದ್ಯ. ಎದುರಾಳಿ ಗೋವಾ, ಆ ವರ್ಷ ದಾಳಿಯ ಆಟಕ್ಕೆ ಹೆಸರಾದ ತಂಡ. ನಿಗದಿಯ ಹೊತ್ತಿನಲ್ಲಿ ಗೋಲಿಲ್ಲ. ಹೆಚ್ಚುವರಿ ಹೊತ್ತಿನ 117ನೆಯ ನಿಮಿಷದಲ್ಲಿ ಕಾರ್ನರ್ ಕಿಕ್ಕಿಗೆ ರಾಹುಲ್ ಭೇಕೆ ತಲೆ ಕೊಟ್ಟರು. ಬೆಂಗಳೂರು 1-0ಯಿಂದ ಗೆದ್ದಿತು. ಕಪ್ಪು ಬಂದಿತು, ಸಂತೋಷ. ಇನ್ನು 2016ರ ಅಕ್ಟೋಬರ್ 19ರ ರಾತ್ರಿಯನ್ನು ನೆನೆಯಿರಿ. ಕಂಠೀರವದಲ್ಲಿ ಏಷ್ಯಾದ ಎ.ಎಫ್.ಸಿ. ಕಪ್ಪಿನ ಸೆಮಿಫೈನಲ್. ಹಿಂದಿನ ವರ್ಷ ಕಪ್ಪು ಗೆದ್ದಿದ್ದ ಮಲೇಷಿಯಾದ ಜೋಹೊರ್ ತಂಡ ಮೊದಲು ಗೋಲು ಹೊಡೆಯಿತು. ನಮ್ಮವರು ಹೆದರಿ ಹಿಂದೆ ಸರಿಯಲಿಲ್ಲ. ಚೆಂಡನ್ನು ನೆಲದ ಮೇಲೇ ಹರಿಸುತ್ತ ಮುಂದೆ ನುಗ್ಗಿದರು. ಸುನಿಲ್ ಛೇಟ್ರಿಯವರ ಎರಡು, ಹುವಾನನ್ ಅವರ ಒಂದು ಗೋಲಿನಿಂದ 3-1 ಆಯಿತು. ಭಾರತದ ಕ್ಲಬ್ಬೊಂದು ಆ ಕಪ್ಪಿನ ಅಂತಿಮ ಪಂದ್ಯಕ್ಕೆ ಏರಿದ್ದು ಅದೇ ಮೊದಲು. ನವೆಂಬರ್ 5ರಂದು ದೋಹಾದಲ್ಲಿ ಇರಾಕಿನ ವಾಯುಪಡೆ ತಂಡದ ಮುಂದೆ 0-1ರಿಂದ ಸೋತೆವು, ಕಪ್ಪು ಬರಲಿಲ್ಲ. ಆದರೆ ಆ ಅಕ್ಟೋಬರಿನ ರಾತ್ರಿ ಕಂಠೀರವದಲ್ಲಿದ್ದವರನ್ನು ಕೇಳಿ ನೋಡಿ. ಕಪ್ಪು ಬಾರದ ಆ ವರ್ಷದ ಕಥೆಯನ್ನು ಅವರು ಎಷ್ಟು ಹೊತ್ತು ಹೇಳುತ್ತಾರೆಂಬುದೇ ನಮ್ಮ ವಾದಕ್ಕೆ ಸಾಕ್ಷಿ.

2023ರ ಮಾರ್ಚ್ 3ರ ಸಂಗತಿಯನ್ನೂ ಹೇಳಬೇಕು. ಕೇರಳದ ತಂಡದ ಮೇಲಿನ ನಾಕೌಟ್ ಪಂದ್ಯದಲ್ಲಿ, ಹೆಚ್ಚುವರಿ ಹೊತ್ತಿನಲ್ಲಿ, ಎದುರಾಳಿಗಳು ಇನ್ನೂ ಗೋಡೆ ಕಟ್ಟಿ ನಿಲ್ಲುವ ಮೊದಲೇ ಛೇಟ್ರಿಯವರು ಫ್ರೀ ಕಿಕ್ ಹೊಡೆದು ಗೋಲು ಮಾಡಿದರು. ರೆಫ್ರಿ ಒಪ್ಪಿದರು. ಕೇರಳದ ತಂಡ ಮೈದಾನ ಬಿಟ್ಟು ಹೊರಟುಹೋಯಿತು. ಬೇಗ ಹೊಡೆಯುವುದಕ್ಕೆ ಕಾಯಿದೆಯಲ್ಲಿ ಅವಕಾಶವಿದೆ; ಅದರಲ್ಲಿ ನಾವು ತಪ್ಪು ಹುಡುಕುವುದಿಲ್ಲ. ಕೇರಳದ ತಂಡಕ್ಕೆ ನಾಲ್ಕು ಕೋಟಿ ರೂಪಾಯಿ ದಂಡವೂ ಬಿತ್ತು. ಆದರೆ ಹಣ ಕೊಟ್ಟು ಬಂದ ಜನಕ್ಕೆ ಸಿಗಬೇಕಾಗಿದ್ದ ಉಳಿದ ಇಪ್ಪತ್ತು ಚಿಲ್ಲರೆ ನಿಮಿಷದ ಆಟವನ್ನು ಯಾರು ತುಂಬಿಕೊಟ್ಟರು? ಸೋಲನ್ನು ಆಡಿಯೇ ಸೋಲಬೇಕೆಂಬ ಬುದ್ಧಿ ಒಬ್ಬರಿಗಿಲ್ಲದಾಯಿತು. ಆಟ ನಿಂತರೂ ಗೆದ್ದೆವಲ್ಲ ಎಂಬ ಸಂಭ್ರಮ ಇನ್ನೊಬ್ಬರದಾಯಿತು. ವಿಚಿತ್ರವೆಂದರೆ, ಮರುದಿನವೇ, ಮಾರ್ಚ್ 4ರಂದು, ರಿಯಾಧಿನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ, 54 ವರ್ಷಗಳ ತರುವಾಯ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಐದು ಗೋಲುಗಳ ಆಟ, ನಮ್ಮ ನಾಡಿನ ಹೆಸರು. ನಮ್ಮ ಜಗಲಿಗಳ ಮೇಲಾದರೋ ಅಂದೂ ಫ್ರೀ ಕಿಕ್ಕಿನದೇ ಜಗಳ! ಗೆಲುವನ್ನೇ ಪೂಜಿಸುತ್ತೇವೆನ್ನುವವರು ಗೆಲುವಿಗೂ ನ್ಯಾಯ ಮಾಡಲಿಲ್ಲ.

ಚೆನ್ನಾಗಿ ಆಡುವುದೆಂದರೆ ಕಾಲಚಳಕ ತೋರಿಸಿ ಚಪ್ಪಾಳೆ ಗಿಟ್ಟಿಸುವುದೆಂದು ಯಾರೂ ತಿಳಿಯಬಾರದು. ಗೆಲ್ಲಬೇಕೆಂಬ ಛಲವಿಲ್ಲದೆ ಆಡುವವನು ನೋಡುಗನಿಗೆ ಮೋಸ ಮಾಡುತ್ತಾನೆ. ನಮ್ಮ ಗರಡಿಗಳ ಮರ್ಯಾದೆಯನ್ನೇ ನೋಡಿ. ಚಿತ್ ಆಗಬಾರದೆಂದು ನೆಲಕಚ್ಚಿ ಮಲಗಿ ಹೊತ್ತು ಕಳೆಯುವ ಪೈಲ್ವಾನನನ್ನು ಜನ ಸುಮ್ಮನೆ ಬಿಡುತ್ತಾರೆಯೆ? ಪಟ್ಟಿಗೆ ಪಟ್ಟು ಹಾಕಿ ಕೊನೆಯವರೆಗೆ ಕಾದಾಡಿ ಸೋತವನಿಗೆ ಗೆದ್ದವನಷ್ಟೇ ಶಾಬಾಸ್‌ಗಿರಿ ಸಿಗುತ್ತದೆ. ಕಣದಲ್ಲಿರುವವನು ಗೆಲ್ಲಲೆಂದೇ ಆಡಬೇಕು. ಕಣದ ಸುತ್ತ ನಿಂತವನು ಆಟವನ್ನು ಅಳೆಯಬೇಕು. ಈ ಎರಡು ಧರ್ಮಗಳನ್ನು ಕಲಸಿದುದರಿಂದಲೇ ಗೊಂದಲ ಹುಟ್ಟಿದೆ.

ಜನರ ನೆನಪು ಈ ಅಳತೆಯನ್ನು ಬಹಳ ಹಿಂದಿನಿಂದಲೂ ಬಲ್ಲದು. ಮುತ್ತತ್ತಿಗೆ ಹರಕೆ ಒಪ್ಪಿಸಲು ಹೋಗುವವರು, ಹೊಳೆಗೆ ಬಿದ್ದ ಸೀತಮ್ಮನ ಮುತ್ತಿನ ಒಡವೆಯನ್ನು ಆಂಜನೇಯ ಎತ್ತಿಕೊಟ್ಟ ಕಥೆ ಹೇಳುತ್ತಾರೆ. ಆದುದರಿಂದಲೇ ಅವನು ಮುತ್ತೆತ್ತರಾಯ. ಒಡವೆ ಸಿಕ್ಕಿತು ಎಂಬಲ್ಲಿಗೆ ಯಾರಾದರೂ ಕಥೆ ಮುಗಿಸುತ್ತಾರೆಯೆ? ಕಾವೇರಿಯ ಸುಳಿಯನ್ನು ಹೇಗೆ ಕಲಕಿದ, ಹೇಗೆ ತೆಗೆದ ಎಂಬುದನ್ನು ಹೇಳಿದರೇ ಕೇಳುವ ಮಕ್ಕಳಿಗೆ ಸಮಾಧಾನ.

ಕಾಲ್ಚೆಂಡಾಟದ ಚರಿತ್ರೆಯೂ ಹಾಗೆಯೆ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಭಾರತ ಫ್ರಾನ್ಸಿನ ಮುಂದೆ 1-2ರಿಂದ ಸೋತಿತು. ಎರಡು ಪೆನಾಲ್ಟಿಗಳನ್ನು ಕಳೆದುಕೊಂಡಿತು. ಆದರೂ ಬರಿಗಾಲಿನ ಆ ಆಟಗಾರರನ್ನು ಲೋಕ ಮೆಚ್ಚಿತು. ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಎಸ್. ರಾಮನ್. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹಮದ್ ಖಾನ್, ಮುಂದೆ ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದ ಪಂಚಪಾಂಡವರಲ್ಲಿ ಒಬ್ಬರೆನಿಸಿದರು. ಅವರ ಕಾಲಿನಲ್ಲಿ ಚೆಂಡು ಹಾವಾಡಿಗನ ಮುಂದಿನ ಹಾವಿನಂತೆ ಆಡುತ್ತಿತ್ತೆಂದು ನೋಡಿದವರು ಹೇಳುತ್ತಿದ್ದರು.

1954ರ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ ಹಂಗೇರಿ ಪಶ್ಚಿಮ ಜರ್ಮನಿಯ ಮುಂದೆ 2-3ರಿಂದ ಸೋತಿತು. ಅದೇ ಜರ್ಮನಿಯನ್ನು ಕೆಲವೇ ದಿನಗಳ ಹಿಂದೆ 8-3ರಿಂದ ಸೋಲಿಸಿತ್ತು. ಆಟವನ್ನು ಬಲ್ಲವರು ಹಂಗೇರಿಯ ಹೆಸರನ್ನು ಇಂದಿಗೂ ಮರೆತಿಲ್ಲ. 1982ರಲ್ಲಿ ಬ್ರೆಜಿಲ್ ತಂಡಕ್ಕೆ ಇಟಲಿಯ ಮೇಲೆ ಸಮ ಮಾಡಿಕೊಂಡಿದ್ದರೂ ಸಾಕಾಗಿತ್ತು. ಸಮವಾಗಿದ್ದಾಗಲೂ ಅವರು ದಾಳಿಯ ಆಟವನ್ನು ಬಿಡಲಿಲ್ಲ. 2-3ರಿಂದ ಸೋತು ಮನೆಗೆ ಹೋದರು. ಆ ತಂಡದ ನಾಯಕ ಡಾಕ್ಟರ್ ಸಾಕ್ರೆಟಿಸ್. ಸೈನಿಕ ಸರ್ವಾಧಿಕಾರದ ಆ ದಿನಗಳಲ್ಲಿ ಆತನ ಕ್ಲಬ್ಬು ಕೊರಿಂಥಿಯನ್ಸಿನಲ್ಲಿ ಆಟಗಾರರೂ ನೌಕರರೂ ಮತ ಹಾಕಿ ಕ್ಲಬ್ಬಿನ ತೀರ್ಮಾನಗಳನ್ನು ಮಾಡುತ್ತಿದ್ದರು. ಆ ಕ್ಲಬ್ಬು 1982 ಮತ್ತು 1983ರಲ್ಲಿ ಸಾವೊ ಪೌಲೊ ರಾಜ್ಯದ ಚಾಂಪಿಯನ್ ಪದವಿಯನ್ನೂ ಗಳಿಸಿತು.

ಚೆನ್ನಾಗಿ ಆಡಿದರೆ ಸೋಲೇ ಗತಿ ಎಂಬುದೂ ಸುಳ್ಳು. 1967ರ ಮೇ 25ರಂದು ಲಿಸ್ಬನ್ನಿನಲ್ಲಿ ಇಟಲಿಯ ಇಂಟರ್ ತಂಡವೂ ಸ್ಕಾಟ್ಲೆಂಡಿನ ಸೆಲ್ಟಿಕ್ ತಂಡವೂ ಯೂರೋಪಿನ ಕಪ್ಪಿಗಾಗಿ ಎದುರಾದವು. ಇಂಟರ್ ತಂಡದ ಆಟಕ್ಕೆ ಬಾಗಿಲ ಅಗುಳಿಯ ಹೆಸರೇ ಇತ್ತು: ಒಂದು ಗೋಲು ಹೊಡೆದು ಅಗುಳಿ ಹಾಕಿಬಿಡುವುದು. ಸೆಲ್ಟಿಕ್ಕಿನ ಆಟಗಾರರೆಲ್ಲ ಗ್ಲಾಸ್ಗೋ ನಗರದ ಮೂವತ್ತು ಮೈಲಿಯೊಳಗೆ ಹುಟ್ಟಿದ ಹುಡುಗರು. ಅವರ ತರಬೇತುಗಾರ ಜಾಕ್ ಸ್ಟೈನ್ ಮೊದಲು ಕಲ್ಲಿದ್ದಲ ಗಣಿಯ ಕೂಲಿ. ಇಂಟರ್ ಮೊದಲು ಗೋಲು ಹೊಡೆದು ಅಗುಳಿ ಹಾಕಿತು. ಸೆಲ್ಟಿಕ್ ಮೇಲಿಂದ ಮೇಲೆ ದಾಳಿ ನಡೆಸಿ ಅಗುಳಿಯನ್ನೇ ಮುರಿದು 2-1ರಿಂದ ಗೆದ್ದಿತು.

ಗೆಲುವೊಂದೇ ಅಳತೆಯಾದಲ್ಲಿ ಆಗುವ ಹಾನಿ ಮೈದಾನಕ್ಕೆ ಮಾತ್ರ ನಿಲ್ಲುವುದಿಲ್ಲ. ಶಾಲೆಯ ಪಂದ್ಯದಲ್ಲಿ ವಯಸ್ಸು ಮುಚ್ಚಿಟ್ಟು ದೊಡ್ಡ ಹುಡುಗರನ್ನು ಇಳಿಸುವುದು, ಕಾಲಿನಲ್ಲಿ ಕಲೆಯಿರುವ ಸಣ್ಣ ಮೈಯ ಹುಡುಗನನ್ನು ಹೊರಗೆ ಕೂಡಿಸುವುದು, ರೆಫ್ರಿಯನ್ನು ಬೈಯುವುದು, ನೆರೆನಾಡಿನವರನ್ನು ಶತ್ರುಗಳೆಂಬಂತೆ ಕಾಣುವುದು, ಕೊನೆಗೆ ಬಾಜಿ ಕಟ್ಟಿ ಕೂಲಿಯ ಹಣವನ್ನು ಕಳೆಯುವುದು: ಇವೆಲ್ಲ ಒಂದೇ ಬೇರಿನ ಚಿಗುರುಗಳು. ಫಲ ಮುಖ್ಯ, ದುಡಿಮೆಯ ರೀತಿ ಮುಖ್ಯವಲ್ಲ ಎಂಬ ಮಾತನ್ನು ಕಾರ್ಮಿಕರು ಬೇರೆ ಬಾಯಿಗಳಿಂದಲೂ ಕೇಳಿದ್ದಾರೆ. ಉತ್ಪತ್ತಿಯ ಅಂಕಿಯನ್ನು ಮಾತ್ರ ನೋಡಿ, ಕೈ ನಜ್ಜಿದವನನ್ನು ನೋಡದ ಮಾಲೀಕನ ಮಾತು ಅದು. ಕಾರ್ಖಾನೆಯಲ್ಲಿ ಒಪ್ಪದ ಮಾತನ್ನು ಮೈದಾನದಲ್ಲಿ ನಾವೇ ಏಕೆ ಆಡಬೇಕು?

ಆದುದರಿಂದ ನಮ್ಮ ತರುಣರಿಗೆ ನಾವು ಹೇಳುವುದಿಷ್ಟೆ. ನಿಮ್ಮ ತಂಡ ಗೆಲ್ಲಲೆಂದು ಗಂಟಲು ಹರಿಯುವಂತೆ ಕೂಗಿ. ಅದು ನಿಮ್ಮ ಹಕ್ಕು. ಎದುರಾಳಿ ಒಳ್ಳೆಯ ಗೋಲು ಹೊಡೆದರೆ ಅದಕ್ಕೂ ಚಪ್ಪಾಳೆ ತಟ್ಟಿ. ಹೆದರಿ, ಹೊತ್ತು ಕಳೆದು, ಬಿದ್ದು ಹೊರಳಾಡಿ ಗೆದ್ದ ದಿನ, ಗೆದ್ದರೂ, ಇದು ನಮಗೆ ಸಾಲದೆಂದು ಹೇಳಿ. ಎದೆಗೊಟ್ಟು ಆಡಿ ಸೋತ ದಿನ ಮುಂದಿನ ವಾರದ ಟಿಕೆಟ್ಟನ್ನು ತಪ್ಪದೆ ಕೊಳ್ಳಿ. ಊರ ಪಂದ್ಯಗಳಿಗೆ ಚಂದಾ ಎತ್ತುವ ವ್ಯಾಪಾರಿ ಬಂಧುಗಳು ಗೆದ್ದ ತಂಡದ ಕಪ್ಪಿನ ಜೊತೆಗೆ, ಚೆನ್ನಾಗಿ ಆಡಿದ ತಂಡಕ್ಕೂ ಅಷ್ಟೇ ಬೆಲೆಯ ಬಹುಮಾನವೊಂದನ್ನು ಇಡಲಿ. ಅದನ್ನು ನೋಡಲು ಬಂದ ಜನರೇ ಕೈಯೆತ್ತಿ ತೀರ್ಮಾನಿಸಲಿ.

ನೋಡುವವನು ಏನನ್ನು ಮೆಚ್ಚುತ್ತಾನೋ ಆಡುವವನು ಕೊನೆಗೆ ಅದನ್ನೇ ಕೊಡುತ್ತಾನೆ. ಬರಿಯ ಅಂಕಿಯನ್ನು ಕೇಳಿದರೆ ಅಂಕಿ ಸಿಗುತ್ತದೆ. ಆಟವನ್ನು ಕೇಳೋಣ.