ಪರದೇಶದಿಂದ ಕುಶಲವಾರ್ತೆ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ಕಡೆಯಿಂದ ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಡುವ ತಾಯ್ತಂದೆಯರು ಈಗ ವಿರಳರಲ್ಲ. ಲೇಹ್ಯವನ್ನೂ ಚಟ್ನಿಪುಡಿಯನ್ನೂ ಮರೆಯದ ಇವರು ಮೊಬೈಲಿನ ಏರ್ಪಾಡನ್ನು ಮರೆಯುವುದುಂಟು. ನಾವೂ ಹಾಗೆಯೇ ಮರೆತೆವು. ವಿಮಾನವಿಳಿದೊಡನೆ ನಮ್ಮ ಮೊಬೈಲು ಮೂಕವಾಯಿತು. ಇತ್ತ ನಾಗಮಂಗಲದಲ್ಲಿ 85 ವರ್ಷದ ನಮ್ಮ ತಾಯಿಯವರು ವಾರ್ತೆ ಬಾರದೆಂದು ಒಂದು ಹಗಲೆಲ್ಲ ಊಟ ಮುಟ್ಟಲಿಲ್ಲ.

ಆದಕಾರಣ ವಾಚಕರಲ್ಲಿ ನಮ್ಮ ವಿಜ್ಞಾಪನೆಯಿಷ್ಟು. ಊರಿನ ಸಿಮ್ಮನ್ನು ಬಿಡಕೂಡದು. ಬ್ಯಾಂಕಿನ ಒಟಿಪಿ ಬರತಕ್ಕದ್ದು ಅದಕ್ಕೇ. ಹೊರಡುವ ಮುನ್ನವೇ ಅದಕ್ಕೆ ರೋಮಿಂಗ್ ಸೌಕರ್ಯವನ್ನು ಮಾಡಿಸಿ, ಅದರ ದರವನ್ನೂ ಕೇಳಿಕೊಂಡು, ಡೇಟಾ ರೋಮಿಂಗನ್ನು ಮಾತ್ರ ನಿಲ್ಲಿಸಿಡಬೇಕು. ಇಲ್ಲವಾದರೆ ಅರಿವಿಲ್ಲದೆ ಹಣ ಕರಗುವುದು. ಇಂಟರ್‌ನೆಟ್ಟಿಗೆ ಆ ದೇಶದ ಸಿಮ್ಮು ಸಾಕು. ಮೊಬೈಲು ಒಪ್ಪುವುದಾದರೆ ಇ-ಸಿಮ್ ಇನ್ನೂ ಸುಲಭ; ಮನೆಯಲ್ಲಿರುವಾಗಲೇ ಅದನ್ನು ಇಳಿಸಿಕೊಳ್ಳಬಹುದು. ವಾಟ್ಸಾಪ್ ಹಳೆಯ ಸಂಖ್ಯೆಯಲ್ಲಿಯೇ ನಡೆಯುವುದು. ಆದರೆ ದುಬೈಯಲ್ಲಿ ವಿಮಾನ ಬದಲಿಸುವವರು ಗಮನಿಸಬೇಕು: ಅಲ್ಲಿ ವಾಟ್ಸಾಪ್ ಕರೆಗೆ ಬಹುಕಾಲದಿಂದ ನಿರ್ಬಂಧವುಂಟು, ಬರೆದ ಸಂದೇಶಕ್ಕಿಲ್ಲ.

ಕಡೆಯದಾಗಿ, ಮಗಳ ವಿಳಾಸವನ್ನೂ ದೂರವಾಣಿ ಸಂಖ್ಯೆಯನ್ನೂ ಕಾಗದದ ಮೇಲೆ ಬರೆದು ಜೇಬಿನಲ್ಲಿಡಿರಿ. ಬ್ಯಾಟರಿ ಮುಗಿದಾಗ ಕಾಗದವೇ ಗತಿ. ತಲುಪಿದೆವೆಂಬ ಒಂದು ಮಾತು ನಮಗೆ ಅಲ್ಪವಾಗಿ ತೋರಬಹುದು. ಕಾದು ಕುಳಿತ ಹಿರಿಯರಿಗೆ ಅಂದಿನ ಅನ್ನವು ಅದರಲ್ಲಿದೆ.