ಡಾಂಬರಿನ ಮೇಲೊಂದು ಕಣ
ಸಂಕ್ರಾಂತಿಯ ಆಸುಪಾಸಿನಲ್ಲಿ ಶಿರಾದಿಂದ ಮಧುಗಿರಿ ಕಡೆ ಹೊರಟರೆ, ಹತ್ತಿಪ್ಪತ್ತು ಮನೆಯ ಹಳ್ಳಿ ಬಂತೆಂದು ಮೊದಲು ಹೇಳುವುದು ನಾಮಫಲಕವಲ್ಲ, ರಸ್ತೆಗೆ ಹಾಸಿದ ಹುರುಳಿ. ಬಸ್ಸು, ಲಾರಿ ಹಾದಂತೆ ಕಾಯಿ ಬಿರಿದು ಕಾಳು ಉದುರುತ್ತದೆ. ಸೆರಗು ಸಿಕ್ಕಿಸಿದ ಹೆಂಗಸರು ಎರಡು ಗಾಡಿಗಳ ಸಂದಿನಲ್ಲಿ ನುಗ್ಗಿ ಬಳ್ಳಿ ತಿರುವಿಹಾಕುತ್ತಾರೆ. ಎತ್ತು, ರೋಣಗಲ್ಲಿನ ಕೆಲಸ ಈಗ ಪುಕ್ಕಟೆಯಾಗಿ ಟೈರಿನ ಪಾಲು. ಕಾರಿನವರ ಬೈಗುಳದಲ್ಲೂ ನ್ಯಾಯವಿದೆ: ಬಳ್ಳಿ ಆಕ್ಸಲ್‌ಗೆ ಸುತ್ತಿಕೊಂಡು ಬೆಂಕಿ ಹತ್ತಿದ್ದುಂಟು, ಬೈಕ್ ಜಾರಿ ಸತ್ತವರುಂಟು. ಆದರೆ ನೆಲ ಹದಮಾಡಿ, ಸಗಣಿ ಸಾರಿಸಿ, ರಾತ್ರಿಯೆಲ್ಲ ಕಣ ಕಾಯಲು ಆಳೆಲ್ಲಿ? ದುಡಿಯುವ ವಯಸ್ಸಿನವರು ಬೆಂಗಳೂರು ಸೇರಿದ್ದಾರೆ. ಸುಗ್ಗಿ ಬಂದಾಗಲೆಲ್ಲ ಪೊಲೀಸರು ಎಚ್ಚರಿಕೆ ಕೊಡುವುದಕ್ಕಿಂತ, ಪಂಚಾಯಿತಿ ಊರಿಗೊಂದು ಸಿಮೆಂಟ್ ಕಣ ಹಾಕಿಸುವುದೇ ಮೇಲು.